ಚೊಂಬಿನ ಎಡಮೈ

ಪುಷ್ಪಕ್ಕ ಹೊನ್ನಾಳಿಯಿಂದ ಬಂದಿದ್ದು ಮಗಳ ನಿಶ್ಚಿತಾರ್ಥದ ಬ್ಲೌಸ್ ತೆಗೆದುಕೊಂಡು ಹೋಗುವುದಕ್ಕೆ. ಚನ್ನಗಿರಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಹೊಲಿಗೆ ಅಂಗಡಿ. ಅವರ ಮದುವೆಗೂ ನಾನೇ ಹೊಲಿದುಕೊಟ್ಟಿದ್ದೆ. ಆ ಬೆಳಿಗ್ಗೆ ಹೊಲಿದು ಮುಗಿಸಿ, ಇಸ್ತ್ರಿ ಹಾಕಿ, ಮಡಚಿ ಇಟ್ಟಿದ್ದೆ. ಅವರು ಬಿಚ್ಚಿ ನೋಡಿದರು, ಹಿಂದೆ ಮುಂದೆ ತಿರುಗಿಸಿದರು, ಆಮೇಲೆ ನಗಾಡಿದರು.

"ಏನ್ರೀ ಶಿವಲೀಲಾ, ಒಂದೇ ತೋಳು ಇಟ್ಟೀರಲ್ಲ! ಇನ್ನೊಂದು ಹೊನ್ನಾಳಿಗೆ ಹೋಗಿ ನಾನೇ ಹೊಲ್ಕೋಬೇಕಾ?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. "ಎರಡೂ ಐತಲ್ರೀ, ಸರಿಯಾಗಿ ನೋಡ್ರಿ" ಅಂದೆ. ಅವರು ಬ್ಲೌಸನ್ನು ನನ್ನ ಮುಖದ ಮುಂದೆ ಹಿಡಿದರು. ನನಗೆ ಪೂರ್ತಿ ಬ್ಲೌಸೇ ಕಾಣಿಸಿತು. ಅದರಲ್ಲಿ ಏನೂ ಕಡಿಮೆ ಇರಲಿಲ್ಲ. ಇಷ್ಟು ವರ್ಷ ಹೊಲಿದವಳಿಗೆ ಈಯಮ್ಮ ತೋಳು ಎಣಿಸುವುದು ಹೇಳಿಕೊಡುತ್ತಾಳಲ್ಲ ಎಂದು ಒಳಗೊಳಗೇ ಸಿಟ್ಟು ಬಂತು. ಅವರ ನಗು ನಿಂತುಹೋಗಿತ್ತು.

"ಲೀಲಾ, ನಿಮ್ ಬಾಯಿ ಯಾಕೋ ಒಂಥರಾ ಆಗೈತೆ. ಕೂತ್ಕೊಳ್ರಿ. ಏಳಬೇಡ್ರಿ."

ನಾನು ಎದ್ದೆ. ಎಡಗಾಲು ಊರಲು ನೋಡಿದರೆ ಅಲ್ಲಿ ಕಾಲೇ ಇರಲಿಲ್ಲ. ಬಿದ್ದೆ. ಬಿದ್ದಿದ್ದು ನೆನಪಿದೆ, ಪುಷ್ಪಕ್ಕ ಬೀದಿಗೆ ಓಡಿ ಕೂಗಿದ್ದು ನೆನಪಿದೆ. ಆಮೇಲಿನದು ಇಲ್ಲ.

ಇನ್ನೊಂದು ತೋಳು ನನ್ನ ಮಗಳು ಚೈತ್ರಾಳಿಗೆ ಸಿಕ್ಕಿತು. ಕತ್ತರಿಸುವ ಮೇಜಿನ ಎಡತುದಿಯಲ್ಲಿ, ಅಂಚು ಮಡಚಿ, ಗುಂಡುಸೂಜಿ ಚುಚ್ಚಿ, ಜೋಡಿಸುವುದಕ್ಕೆ ತಯಾರು ಮಾಡಿ ಇಟ್ಟಿದ್ದೆನಂತೆ. ಅದನ್ನು ಇಟ್ಟವಳೂ ನಾನೇ, ಅದು ಇದೆ ಅನ್ನುವುದನ್ನು ಮರೆತವಳೂ ನಾನೇ. ಆ ಎರಡರ ನಡುವೆ ಯಾವುದೋ ಒಂದು ಗಳಿಗೆಯಲ್ಲಿ, ಮಿಷನ್ ತುಳಿಯುತ್ತ ಕೂತಿದ್ದಾಗಲೇ, ನನ್ನ ತಲೆಯೊಳಗೆ ರಕ್ತ ಕಟ್ಟಿತ್ತು. ನೋವಿಲ್ಲ, ಸದ್ದಿಲ್ಲ. ಈಗಲೂ ನನ್ನನ್ನು ಹೆದರಿಸುವುದು ಬಿದ್ದದ್ದಲ್ಲ. ಬೀಳುವ ಮೊದಲಿನ ಆ ಹೊತ್ತು. ಅರ್ಧ ಬ್ಲೌಸಿಗೆ ಇಸ್ತ್ರಿ ಹಾಕಿ ಹಾಡು ಗುನುಗುತ್ತಿದ್ದೆನಲ್ಲ, ಅದು.

ಕೆಲವು ವರ್ಷಗಳಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಲಕ್ವ ಹೊಡೆದವರ ಕೈಕಾಲು ಬೀಳುವುದು, ಬಾಯಿ ಸೊಟ್ಟಗಾಗುವುದು ಎಲ್ಲರಿಗೂ ಗೊತ್ತು. ನನಗಾದ ಇನ್ನೊಂದನ್ನು ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹುಚ್ಚು ಹಿಡಿಯಿತು ಅಂದುಕೊಂಡು ಬಹಳ ದಿನ ಬಾಯಿ ಮುಚ್ಚಿಕೊಂಡಿದ್ದೆ. ನಿಮ್ಮ ಮನೆಯಲ್ಲಿ ಯಾರಾದರೂ ತಟ್ಟೆಯ ಅರ್ಧ ಅನ್ನ ಬಿಟ್ಟು ಇನ್ನೂ ಹಸಿವು ಅನ್ನುತ್ತಿದ್ದರೆ, ಅವರಿಗೆ ಇದನ್ನು ಓದಿ ಹೇಳಿ.

ದಾವಣಗೆರೆಯ ಆಸ್ಪತ್ರೆಯಲ್ಲಿ ನನಗೆ ಎಚ್ಚರವಾದಾಗ ನನ್ನ ಯಜಮಾನರ ದನಿ ಕೇಳಿಸಿತು. "ಲೀಲಾ, ಇಲ್ಲಿ ನೋಡು." ನೋಡಿದೆ. ಗೋಡೆ, ಕಿಟಕಿ, ಪಕ್ಕದ ಮಂಚದ ಅಜ್ಜಿ. ಇವರಿಲ್ಲ. "ಇಲ್ಲೇ ಇದೀನಿ, ಈ ಕಡೆ." ಮತ್ತೆ ಹುಡುಕಿದೆ. ಅದೇ ಗೋಡೆ, ಅದೇ ಕಿಟಕಿ. ದನಿ ಇದೆ, ಆಳಿಲ್ಲ. ಸತ್ತವರು ಹೀಗೆ ಮಾತಾಡಿಸುತ್ತಾರೇನೋ ಅನ್ನಿಸಿತು. ಇವರು ಸತ್ತರೋ ನಾನು ಸತ್ತೆನೋ ತಿಳಿಯದೆ ಅಳತೊಡಗಿದೆ. ಇವರು ಮಂಚ ಸುತ್ತಿಕೊಂಡು ಬಲಗಡೆಗೆ ಬಂದರು, ತಟ್ಟನೆ ಕಂಡರು. ಮುಖದಲ್ಲಿ ಎರಡು ದಿನದ ಗಡ್ಡ, ಅಂಗಿಯ ಮೇಲೆ ಗ್ರೀಸಿನ ಕಲೆ. ಇವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಕೆಲಸ ಬಿಟ್ಟು ಹಾಗೇ ಓಡಿಬಂದಿದ್ದರು.

ಡಾಕ್ಟರಮ್ಮ ಒಬ್ಬರು ದಿನಾ ಬರುತ್ತಿದ್ದರು. ಕಣ್ಣು ಪರೀಕ್ಷಿಸಿದರು, ಕಣ್ಣು ಸರಿಯಾಗಿದೆ ಅಂದರು. "ಎಡಗಡೆ ಅಂತ ಒಂದು ಐತೆ ಅನ್ನೋದನ್ನೇ ನಿಮ್ಮ ಮೆದುಳು ಮರ್ತುಬಿಟ್ಟೈತಮ್ಮ" ಅಂದರು. ಅದಕ್ಕಿಂತ ಸರಳವಾಗಿ ಈಗಲೂ ನನಗೆ ಹೇಳಲು ಬರುವುದಿಲ್ಲ. ಕತ್ತಲು ಕಾಣುತ್ತಿತ್ತಾ ಅಂತ ಜನ ಕೇಳುತ್ತಾರೆ. ನಿಮ್ಮ ಬೆನ್ನ ಹಿಂದೆ ಈಗ ನಿಮಗೆ ಕತ್ತಲು ಕಾಣುತ್ತಿದೆಯೇ? ಏನೂ ಕಾಣುವುದಿಲ್ಲ, ಕಾಣುತ್ತಿಲ್ಲ ಅನ್ನುವ ಕೊರತೆಯೂ ಇಲ್ಲ. ನನ್ನ ಎಡ ಹಾಗಾಗಿತ್ತು.

ಆಸ್ಪತ್ರೆಯಲ್ಲೇ ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ನನ್ನ ಹೊಟ್ಟೆಯ ಮೇಲೆ ಒಂದು ಕೈ ಇತ್ತು. ಬಲಗೈಯಿಂದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಬೆರಳುಗಳು ಸಡಿಲವಾಗಿ, ನಿದ್ದೆಹೋದ ಮಕ್ಕಳ ಕೈಯಂತಿದ್ದವು. ನನಗೆ ಹೆದರಿಕೆಯಾಗಲಿಲ್ಲ. ಅದು ಯಾರ ಕೈ ಎಂದು ಮುಟ್ಟಿದ ಕೂಡಲೇ ಗೊತ್ತಾಯಿತು.

ಜಗಳೂರಿನ ನಮ್ಮ ಮನೆಯಲ್ಲಿ ನಾನು, ಗಿರಿಜಕ್ಕ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು. ಅವಳು ಗೋಡೆ ಕಡೆ, ನನ್ನ ಎಡಕ್ಕೆ. ನಿದ್ದೆಯಲ್ಲಿ ಅವಳ ಕೈ ನನ್ನ ಹೊಟ್ಟೆಯ ಮೇಲೆ ಬಂದು ಬೀಳುತ್ತಿತ್ತು. ಭಾರ ಅಂತ ನಾನು ಎತ್ತಿ ಇಟ್ಟರೂ ಮತ್ತೆ ಬರುತ್ತಿತ್ತು. ಅವಳಿಗೆ ಹನ್ನೆರಡು ತುಂಬುವುದರೊಳಗೆ ಮೆದುಳು ಜ್ವರ ಬಂದು ತೀರಿಕೊಂಡಳು. ನಾನು ಆಗ ಮೂರನೇ ಕ್ಲಾಸು. ಅವ್ವ ಅವಳ ಬಟ್ಟೆಬರೆ ಎಲ್ಲ ಎಲ್ಲಿಟ್ಟಳೋ, ಒಂದೂ ಮತ್ತೆ ಕಣ್ಣಿಗೆ ಬೀಳಲಿಲ್ಲ. ಅವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಪ್ಪ ತೀರಿಕೊಳ್ಳುವಾಗಲೂ ಎತ್ತಲಿಲ್ಲ.

ನರ್ಸು ಬಂದು ನನ್ನನ್ನು ಮಗ್ಗುಲು ತಿರುಗಿಸಲು ಆ ಕೈಯನ್ನು ಹಿಡಿದೆಳೆದಳು. "ಮೆಲ್ಲಗೆ ಸಿಸ್ಟರ್, ನಮ್ಮಕ್ಕ ಮಲಗಿದಾಳೆ" ಅಂದೆ.

ಸಂಜೆ ಡಾಕ್ಟರಮ್ಮ ಬಂದರು. ಇವರೂ ಅಲ್ಲೇ ಇದ್ದರು. ಡಾಕ್ಟರಮ್ಮ ಆ ಕೈಯನ್ನು ಎತ್ತಿ ನನ್ನ ಕಣ್ಣ ಮುಂದೆ, ಬಲಗಡೆಗೆ ತಂದು ಹಿಡಿದರು.

"ಇದು ಯಾರ ಕೈ ಅಮ್ಮ?"

"ನಮ್ಮಕ್ಕಂದು."

"ನಿಮ್ಮಕ್ಕ ಎಲ್ಲಿದಾರೆ?"

"ತೀರ್ಕೊಂಡಿದಾಳೆ. ಬಾಳ ವರ್ಷ ಆತು."

"ಮತ್ತೆ ಅವರ ಕೈ ಇಲ್ಲಿಗೆ ಹೆಂಗೆ ಬಂತು?"

ನಾನು ಯೋಚಿಸಿದೆ. ಪ್ರಶ್ನೆ ನ್ಯಾಯವಾದದ್ದೇ ಅನ್ನಿಸಿತು. "ಕೈ ಅಷ್ಟೇ ಬಂದೈತೆ" ಅಂದೆ.

ಇವರು ಎದ್ದು ವಾರ್ಡಿನಿಂದ ಹೊರಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಎಳನೀರು ಇತ್ತು.

ಕಾಲು ಬೇಗ ಸುಧಾರಿಸಿತು. ಕೋಲು ಹಿಡಿದು ನಡೆಯುವಂತಾದ ಮೇಲೆ ಮನೆಗೆ ಕಳಿಸಿದರು, ವಾರವಾರ ಫಿಸಿಯೋಥೆರಪಿಗೆ ಬರಬೇಕು ಅಂದರು. ಆ ಕಾಯುವ ಕೋಣೆಯ ಬೆಂಚುಗಳ ಮೇಲೆ ನಾನು ಕಂಡ ಮನುಷ್ಯರೆಲ್ಲ ಯಾವುದೋ ಒಂದು ಕಡೆಗೆ ವಾಲಿದವರು. ಸಾಸ್ವೆಹಳ್ಳಿಯ ಒಬ್ಬ ಯಜಮಾನರು ಬರುತ್ತಿದ್ದರು, ಜೊತೆಗೆ ಅವರ ಹೆಂಡತಿ. ಆಯಮ್ಮ ಡಬ್ಬಿಯಲ್ಲಿ ಉಪ್ಪಿಟ್ಟು ತಂದು ತಟ್ಟೆಗೆ ಹಾಕಿಕೊಡುತ್ತಿದ್ದಳು. ಆತ ಬಲಗಡೆಯ ಅರ್ಧ ತಿಂದು ಮುಗಿಸಿ "ಇನ್ನೊಂಚೂರು ಹಾಕು" ಅನ್ನುತ್ತಿದ್ದರು. ಆಯಮ್ಮ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದಳು. "ಹೂಂ, ಹಾಕಿದೀನಿ, ತಿನ್ರಿ." ಆತ ಖುಷಿಯಾಗಿ ಉಳಿದದ್ದನ್ನು ತಿನ್ನುತ್ತಿದ್ದರು. ನಾನು ನೋಡುತ್ತಿದ್ದುದನ್ನು ಕಂಡು ಆಯಮ್ಮ ಇವರಿಗೆ ಹೇಳಿದಳು, "ಬೈಯ್ಯಾಕೆ ಹೋಗಬೇಡ್ರಿ ತಮ್ಮಾ. ತಟ್ಟೆ ತಿರುಗಿಸಿಬಿಡ್ರಿ, ಅಷ್ಟೇಯ." ಅವತ್ತಿನಿಂದ ಇವರು ತಟ್ಟೆ ತಿರುಗಿಸಲು ಕಲಿತರು. ನನ್ನಂತೆ ಇನ್ನೊಬ್ಬರು ಇದ್ದಾರೆ, ಅವರನ್ನು ಯಾರೂ ಹುಚ್ಚರು ಅನ್ನುತ್ತಿಲ್ಲ ಅನ್ನುವುದು ನನಗೆ ತಿಳಿದದ್ದೂ ಅವತ್ತೇ.

ಅಲ್ಲಿ ಚಿಕಿತ್ಸೆ ಕೊಡುತ್ತಿದ್ದ ಮಮತಾ ಮೇಡಂ ನಡುವಯಸ್ಸಿನವರು, ಬಹಳ ನಿಧಾನದ ಹೆಂಗಸು. ಒಂದು ಸಲ ಮೇಜಿನ ಮೇಲೆ ಚಹಾದ ಕಪ್ಪು, ಬಸಿ ಇಟ್ಟು, ಕಾಗದ ಪೆನ್ಸಿಲ್ ಕೊಟ್ಟು, "ಇದನ್ನ ಬರೀರಿ ನೋಡೋಣ" ಅಂದರು. ಶಾಲೆ ಬಿಟ್ಟ ಮೇಲೆ ನಾನು ಚಿತ್ರ ಅಂತ ಬರೆದಿರಲಿಲ್ಲ. ಆದರೆ ಚಾಕ್‌ನಲ್ಲಿ ಬಟ್ಟೆಯ ಮೇಲೆ ಕತ್ತಿನ ಗೆರೆ, ಕಂಕುಳ ಗೆರೆ ಎಳೆದ ಕೈ. ಗೆರೆ ನಡುಗಲಿಲ್ಲ. ಹಿಡಿಕೆ, ಅಂಚಿನ ಬಾಗು, ಬಸಿಯ ಏರಿಳಿತ ಎಲ್ಲ ಬಂತು. ನನಗೇ ಹೆಮ್ಮೆಯಾಯಿತು. ಇವರ ಕಡೆ ನೋಡಿದೆ, ಹೊಗಳುತ್ತಾರೇನೋ ಅಂತ. ಇವರು ನೆಲ ನೋಡುತ್ತಿದ್ದರು.

ಮೇಡಂ ಕಾಗದವನ್ನು ತಲೆಕೆಳಗು ಮಾಡಿ ನನ್ನ ಮುಂದೆ ಇಟ್ಟರು.

ಆಗ ಕಂಡಿತು. ಕಪ್ಪನ್ನು ಕತ್ತಿಯಲ್ಲಿ ಸೀಳಿದ ಹಾಗೆ ಅರ್ಧಕ್ಕೇ ನಿಂತಿತ್ತು. ಸೀಳಿದ ಕಡೆ ಗೆರೆಯೂ ಇರಲಿಲ್ಲ. ಬಾಯಿಯ ದುಂಡು ಬಂದು ಬಂದು ಗಾಳಿಯಲ್ಲಿ ಕೊನೆಯಾಗಿತ್ತು. ಉಳಿದ ಕಾಗದ ಖಾಲಿ. ನಾನು ಅದನ್ನು ಮತ್ತೆ ಸರಿಯಾಗಿ ತಿರುಗಿಸಿದೆ. ಮತ್ತೆ ಇಡೀ ಕಪ್ಪು, ಬಸಿ ಕಂಡವು. ತಲೆಕೆಳಗು ಮಾಡಿದೆ, ಸೀಳಿದ ಕಪ್ಪು. ಅದೇ ಕಾಗದ. ನಾನು ನೋಡುತ್ತಿರುವ ಈ ಕೋಣೆ, ಈ ಮೇಡಂ, ಈ ನನ್ನ ಗಂಡ, ಎಲ್ಲ ಇಷ್ಟೇನಾ? ಇವರೆಲ್ಲರ ಇನ್ನರ್ಧ ಎಲ್ಲಿದೆ? ಅಲ್ಲಿ ಏನಿದೆ? ಯಾರಿದ್ದಾರೆ? ಬಸ್ಸಿನಲ್ಲಿ ಸಂತೆಬೆನ್ನೂರು ದಾಟಿ ಮನೆ ಮುಟ್ಟುವವರೆಗೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ.

ಮಾರನೆಯ ವಾರ ನಾನು ಹೋಗಲಿಲ್ಲ. ಅದರ ಮಾರನೆಯ ವಾರವೂ ಇಲ್ಲ. ಚಿತ್ರ ಬರೆಯುವುದೆಂದರೆ ಭಯವಾಗತೊಡಗಿತ್ತು. ಸಂಬಂಧಿಕರು ಬಂದು ಯಾವ್ಯಾವುದೋ ಎಣ್ಣೆಯ ಹೆಸರು, ಊರಿನ ಹೆಸರು ಹೇಳಿ ಹೋಗುತ್ತಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಗಿರಿಜಕ್ಕನ ಕೈ ಹೊಟ್ಟೆಯ ಮೇಲೆ ಇರುತ್ತಿತ್ತು. ಅದು ನನ್ನದೇ ಕೈ ಎಂದು ಹಗಲಲ್ಲಿ ಒಪ್ಪಿಕೊಳ್ಳುತ್ತಿದ್ದೆ. ಏಳುವ ಹೊತ್ತಿಗೆ ಮಾತ್ರ ಅದು ಅವಳದೇ. ಯಾರಿಗೂ ಹೇಳುತ್ತಿರಲಿಲ್ಲ. ಬಲಗೈಯಲ್ಲಿ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಮಲಗಿರುತ್ತಿದ್ದೆ.

ಚೈತ್ರಾ ನ್ಯಾಮತಿಯಿಂದ ಕೂಸನ್ನು ಕಟ್ಟಿಕೊಂಡು ನನ್ನನ್ನು ನೋಡಿಕೊಳ್ಳಲು ಬಂದಿದ್ದಳು. ಪುಟ್ಟಿ ಆಗಷ್ಟೇ ಅಂಬೆಗಾಲಿಡುತ್ತಿದ್ದಳು. ಒಂದು ಮಧ್ಯಾಹ್ನ ಅವಳನ್ನು ನನ್ನ ಬಲಗಡೆ ಚಾಪೆಯ ಮೇಲೆ ಬಿಟ್ಟು, ಕೈಗೆ ಒಂದು ಸೌಟು ಕೊಟ್ಟು, ಚೈತ್ರಾ ಹಿತ್ತಲಿಗೆ ಬಟ್ಟೆ ಹರವಲು ಹೋದಳು. ಪುಟ್ಟಿ ಸೌಟು ಬಡಿಯುತ್ತಿದ್ದಳು, ನಾನು ಚಪ್ಪಾಳೆಯ ಬದಲು ತೊಡೆ ತಟ್ಟುತ್ತಿದ್ದೆ. ಆಮೇಲೆ ಚೈತ್ರಾಳ ಕಿರುಚಾಟ. ಅವಳು ಬಾಗಿಲಿನಿಂದ ನುಗ್ಗಿ ಬಂದು ನನ್ನ ಮುಂದೆ ಹಾದು ಎಲ್ಲಿಗೋ ಹೋದಳು, ಕಾಣೆಯಾದಳು. ಮತ್ತೆ ಕಂಡಾಗ ಕಂಕುಳಲ್ಲಿ ಪುಟ್ಟಿ ಅಳುತ್ತಿದ್ದಳು. ಕೂಸು ನನ್ನ ಕಾಲು ಬಳಸಿ ಎಡಕ್ಕೆ ಹರಿದು, ಬಿಸಿ ಇಸ್ತ್ರಿ ಪೆಟ್ಟಿಗೆಯ ವೈರು ಹಿಡಿದು ಎಳೆಯುತ್ತಿತ್ತಂತೆ. ಪೆಟ್ಟಿಗೆ ಮೇಜಿನ ಅಂಚಿಗೆ ಬಂದಿತ್ತಂತೆ.

"ಅಮ್ಮ, ನಿನ್ ಪಕ್ಕದಾಗೇ ಇತ್ತಲ್ಲ ಕೂಸು! ಒಂದು ಕೂಗಾದ್ರೂ ಹಾಕಬಾರದಿತ್ತಾ?"

ಕೂಸು ಕಾಣಿಸುತ್ತಿಲ್ಲ, ಎಲ್ಲಿ ಹೋಯಿತು ಎಂದು ನಾನು ಹುಡುಕಿದ್ದರೆ ಅದು ಬೇರೆ ಮಾತು. ಪುಟ್ಟಿ ಎಡಕ್ಕೆ ಹೋದ ಕ್ಷಣದಲ್ಲೇ, ಇಲ್ಲಿ ಒಂದು ಕೂಸು ಇತ್ತು ಅನ್ನುವುದೇ ನನ್ನ ಮನಸ್ಸಿನಿಂದ ಅಳಿಸಿಹೋಗಿತ್ತು. ನಾನು ಖಾಲಿ ಚಾಪೆ ನೋಡಿಕೊಂಡು ತೊಡೆ ತಟ್ಟುತ್ತ ಕೂತಿದ್ದೆ.

ಚೈತ್ರಾ ಅತ್ತಳು, ನನ್ನನ್ನು ತಬ್ಬಿಕೊಂಡಳು, ಊಟ ಬಡಿಸಿದಳು. ಸಂಜೆ ಕೈ ತೊಳೆಯುತ್ತ ನಿಂತಲ್ಲೇ, ನನ್ನ ಮುಖ ನೋಡದೆ ಹೇಳಿದಳು, "ಇನ್ಮೇಲೆ ಪುಟ್ಟಿನ ನಿನ್ ಹತ್ರ ಒಬ್ಬಳನ್ನೇ ಬಿಡಾಕೆ ಆಗಲ್ಲಮ್ಮ. ಬೇಜಾರು ಮಾಡ್ಕೋಬೇಡ." ಮಾಡಿಕೊಳ್ಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆ ವಾರದ ಕೊನೆಗೆ ಅವಳು ನ್ಯಾಮತಿಗೆ ಹೊರಟುಹೋದಳು. ನಾನು ಇವರಿಗೆ ಹೇಳಿದೆ, "ನಾಳೆ ದಾವಣಗೆರೆಗೆ ಹೋಗಾಣ್ರಿ. ಆ ಮೇಡಂ ಏನು ಬರಿ ಅಂದ್ರೂ ಬರೀತೀನಿ."

ಮಮತಾ ಮೇಡಂ ಬೈಯಲಿಲ್ಲ, ಯಾಕೆ ಬರಲಿಲ್ಲ ಅಂತಲೂ ಕೇಳಲಿಲ್ಲ. ಕಾಗದದ ಎಡ ಅಂಚಿನ ಉದ್ದಕ್ಕೂ ಕೆಂಪು ಪಟ್ಟಿ ಎಳೆದರು. "ಈ ಕೆಂಪು ಸಿಗೋವರೆಗೂ ಕಣ್ಣನ್ನ ನಿಲ್ಲಿಸಬೇಡ್ರಿ. ಕತ್ತು ತಿರುಗಿಸ್ರಿ, ಬೇಕಾದ್ರೆ ಮೈಯೆಲ್ಲ ತಿರುಗಿಸ್ರಿ. ಕೆಂಪು ಕಂಡಮೇಲೇ ಬರೆಯಾಕೆ ಶುರು ಮಾಡ್ರಿ. ಮನೇಲಿ ದಿನಾ ಒಂದು ಸಾಮಾನು. ಗೊತ್ತಿರೋ ಸಾಮಾನೇ ಆಗಲಿ, ಚೊಂಬು, ಸೌಟು, ಏನಾದ್ರೂ."

ಇವರು ಅದನ್ನು ಪೂರ್ತಿಯಾಗಿ ತಲೆಗೆ ಹಾಕಿಕೊಂಡರು. ಅಂಗಡಿಯಿಂದ ವೈರಿಗೆ ಸುತ್ತುವ ಕೆಂಪು ಟೇಪ್ ತಂದು ಬಾಗಿಲಿನ ಎಡಚೌಕಟ್ಟಿಗೆ, ಕನ್ನಡಿಯ ಎಡಕ್ಕೆ, ನನ್ನ ಊಟದ ಮಣೆಯ ಎಡಕ್ಕೆ, ಒಲೆಯ ಕಟ್ಟೆಯ ಎಡಕ್ಕೆ ಎಲ್ಲ ಕಡೆ ಅಂಟಿಸಿದರು. ಎದುರುಮನೆಯ ಗಂಗಮ್ಮ ಬಂದು ಹೊಸ್ತಿಲಲ್ಲೇ ನಿಂತು, "ಏನ್ರವ್ವ ಇದು, ಯಾರಾದ್ರೂ ಏನಾದ್ರೂ ಮಾಡ್ಸಿದಾರಾ?" ಎಂದು ದನಿ ತಗ್ಗಿಸಿ ಕೇಳಿದಳು. ಬಹಳ ದಿನಗಳ ಮೇಲೆ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಬರೆಯುವುದಕ್ಕೆ ಬ್ಲೌಸಿನ ಅಳತೆ ಕತ್ತರಿಸುವ ಕಂದು ಕಾಗದ ನನ್ನ ಅಂಗಡಿಯಲ್ಲಿ ಬೇಕಾದಷ್ಟು ಬಿದ್ದಿತ್ತು. ಬೆಳಗಿನ ಕೆಲಸ ಮುಗಿದ ಮೇಲೆ ಇವರು ಅಡುಗೆಮನೆಯಿಂದ ಒಂದು ಸಾಮಾನು ತಂದು ನನ್ನ ಮುಂದೆ ಇಟ್ಟು, ನನ್ನ ಎಡಗೈಯನ್ನು ಎತ್ತಿ ಕಾಗದ ಹಾರದಂತೆ ಅದರ ಮೇಲೆ ಇಟ್ಟು, ಕೆಲಸಕ್ಕೆ ಹೋಗುತ್ತಿದ್ದರು. ಲಟ್ಟಣಿಗೆ. ರೊಟ್ಟಿ ಹಂಚು. ಇಕ್ಕಳ. ಹಿಡಿಕೆ ಕರಿದಾದ ಕುಕ್ಕರ್. ಈಳಿಗೆಮಣೆ. ಬಲಗಡೆ ಎಲ್ಲ ಸುಲಭ. ಎಡಕ್ಕೆ ಸರಿದಂತೆ ಕಣ್ಣು ತಾನಾಗಿಯೇ ಜಾರಿ ವಾಪಸ್ ಬರುತ್ತಿತ್ತು, ಬಾವಿಯ ಅಂಚಿಗೆ ಹೋದ ಕಾಲು ಹಿಂದಕ್ಕೆ ಬರುವ ಹಾಗೆ. ಬೆವರು ಇಳಿಯುತ್ತಿತ್ತು. ಕೆಂಪು ಎಲ್ಲಿ, ಕೆಂಪು ಎಲ್ಲಿ ಎಂದು ಬಾಯಲ್ಲೇ ಅಂದುಕೊಳ್ಳುತ್ತ ಕತ್ತು ತಿರುಗಿಸುತ್ತಿದ್ದೆ. ಕೆಲವು ಸಲ ಒಂದು ಲೋಟದ ಎಡ ಅಂಚು ಸಿಗಲು ಇಡೀ ಬೆಳಿಗ್ಗೆ ಬೇಕಾಗುತ್ತಿತ್ತು. ಸಿಕ್ಕಾಗ, ಇಲ್ಲದ ಜಾಗದಿಂದ ಏನೋ ಎದ್ದು ಬಂದಂತಾಗುತ್ತಿತ್ತು.

ಜರಡಿಯ ದಿನವನ್ನು ನಾನು ಮರೆಯುವುದಿಲ್ಲ. ಹಿಟ್ಟು ಸಾಣಿಸುವ ಹಳೆಯ ಜರಡಿ, ಒಂದು ಕಡೆ ತಂತಿ ಕಿತ್ತು ಬಂದಿತ್ತು. ಇವರು ಅದನ್ನು ನೀರಿನ ಕೊಡಕ್ಕೆ ಆನಿಸಿ ನಿಲ್ಲಿಸಿ ಹೋಗಿದ್ದರು. ಬಲದಿಂದ ಬಿಸಿಲು ಬೀಳುತ್ತಿತ್ತು. ಅಂಚಿನ ಬಳೆಯ ದುಂಡು ಎಳೆದೆ, ಬಲೆಯ ತೂತುಗಳನ್ನು ಒಂದೊಂದಾಗಿ ಗೀರಿದೆ. ಹಾಗೇ ಗೀರುತ್ತ ಗೀರುತ್ತ ಕಣ್ಣು ಜರಡಿಯ ಅಂಚು ದಾಟಿತು. ಅಲ್ಲಿ ನೆಲದ ಮೇಲೆ ಇನ್ನೊಂದು ಜರಡಿ ಇತ್ತು. ಅದರ ನೆರಳು. ಉದ್ದಕ್ಕೆ ಎಳೆದುಕೊಂಡ ನೆರಳು, ಅದರ ತುಂಬ ಬೆಳಕಿನ ಸಣ್ಣ ಸಣ್ಣ ಚುಕ್ಕಿ. ತಂತಿ ಕಿತ್ತಲ್ಲಿ ಒಂದು ದೊಡ್ಡ ಚುಕ್ಕಿ. ಗಾಳಿಗೆ ಜರಡಿ ಚೂರು ಅಲುಗಿದರೆ ಚುಕ್ಕಿಗಳೆಲ್ಲ ಒಟ್ಟಿಗೆ ಅಲುಗುತ್ತಿದ್ದವು.

ನಾನು ಕೆಂಪನ್ನು ಹುಡುಕಿರಲಿಲ್ಲ. ಕತ್ತನ್ನು ತಿರುಗಿಸಬೇಕು ಅಂತ ಹೇಳಿಕೊಂಡಿರಲಿಲ್ಲ. ಅದು ಚಂದವಿತ್ತು ಅಂತ ಕಣ್ಣು ತಾನೇ ಹೋಗಿತ್ತು.

ಮದುವೆಯಾಗಿ ಬಂದಾಗಿನಿಂದ ಆ ಜರಡಿ ನನ್ನ ಕೈಯಲ್ಲಿ ಆಡಿದೆ. ಮೊಳೆಗೆ ನೇತುಹಾಕಿದ್ದೇನೆ, ತೆಗೆದಿದ್ದೇನೆ, ತಂತಿ ಚುಚ್ಚಿದಾಗ ಬೈದಿದ್ದೇನೆ. ಅದಕ್ಕೆ ನೆರಳಿದೆ ಅಂತ ಒಂದು ದಿನವೂ ನೋಡಿರಲಿಲ್ಲ. ಇವರು ಊಟಕ್ಕೆ ಬಂದಾಗ ನಾನು ಇನ್ನೂ ಬರೆಯುತ್ತಿದ್ದೆ. ಬಿಸಿಲು ಸರಿದು ನೆರಳು ಹೋಗಿತ್ತು. ನೆನಪಿನಿಂದ ಚುಕ್ಕಿ ಇಡುತ್ತಿದ್ದೆ. ಇವರು ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಎಡಗಡೆ ಪೂರ್ತಿ ಬಂದೈತಲ್ಲೇ" ಅಂದರು.

"ಅದಿರಲಿ. ಹೆಂಗೈತೆ ಹೇಳ್ರಿ."

"ಚಂದ ಐತೆ" ಅಂದರು. ಆಮೇಲೆ, "ನಂ ಮನೆ ಜರಡಿನಾ ಇದು?" ಅಂದರು.

ಆಮೇಲೆ ನಾನು ಬರೆಯುವುದು ಬರೀ ಮೇಡಂ ಹೇಳಿದ್ದಕ್ಕಲ್ಲ ಎಂದಾಯಿತು. ನಾಳೆ ಯಾವುದು ಎಂದು ಹಿಂದಿನ ದಿನವೇ ಯೋಚಿಸುತ್ತಿದ್ದೆ. ಮೊರದ ಹೆಣಿಗೆ ಮೂಲೆಯಲ್ಲಿ ತಿರುಗುವ ರೀತಿ. ಉಪ್ಪಿನಕಾಯಿ ಭರಣಿಯ ಕತ್ತಿಗೆ ಬಟ್ಟೆ ಕಟ್ಟಿದ ಗಂಟು. ಇವರು ತಮ್ಮ ಅಂಗಡಿಯ ಗೋಡೆಗೆ ಒಂದೊಂದನ್ನೇ ಮೊಳೆ ಹೊಡೆದು ಹಾಕಿದರು. ಕತ್ತಲಗೆರೆಯಿಂದ, ಬಸವಾಪಟ್ಟಣದಿಂದ ಮೋಟಾರ್ ತಂದವರು ಕಾಯುತ್ತ ಕೂತಾಗ ನೋಡುತ್ತಿದ್ದರಂತೆ. ಬಸವಾಪಟ್ಟಣದ ಒಬ್ಬರು ಭರಣಿಯ ಚಿತ್ರದ ಮುಂದೆ ನಿಂತು, "ಇದು ನಮ್ಮಮ್ಮನ ಭರಣಿ ಇದ್ದಂಗೈತೆ" ಅಂದರಂತೆ. ಇವರು ಅದನ್ನು ಅವರಿಗೆ ಕೊಟ್ಟು ಕಳಿಸಿದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಕೊಡಿ ಅನ್ನುತ್ತಿದ್ದೆ. ನನಗೆ ಅಂತ ಆ ಭರಣಿಯನ್ನು ಇನ್ನೊಮ್ಮೆ ಬರೆದುಕೊಂಡೆ. ಮೊದಲಿನ ಆ ಸೀಳಿದ ಕಪ್ಪಿನ ಚಿತ್ರವನ್ನೂ ಇವರು ಇಟ್ಟುಕೊಂಡು ಅಲ್ಲೇ ನೇತುಹಾಕಿದ್ದರು ಎಂದು ಆಮೇಲೆ ಗೊತ್ತಾಯಿತು. ಅದನ್ನು ಮಾತ್ರ ನಾನು ನೋಡಲಾರೆ. ಈಗಲೂ ಇವರ ಅಂಗಡಿಗೆ ಹೋದರೆ ಆ ಗೋಡೆಯ ಕಡೆ ಬೆನ್ನು ಹಾಕಿ ಕೂರುತ್ತೇನೆ.

ಒಂದು ಬೆಳಿಗ್ಗೆ ತಾಮ್ರದ ಹಂಡೆಯ ಮುಚ್ಚಳ ಬರೆಯುತ್ತಿದ್ದೆ. ಎಡ ಅಂಚು ಹುಡುಕುತ್ತ ಕಣ್ಣು ಕಾಗದದ ಮೇಲೆ ಒರಗಿದ್ದ ಕೈಗೆ ತಾಗಿತು. ತೋರುಬೆರಳಿನ ಉಗುರಿನಲ್ಲಿ ಕಪ್ಪು ಚುಕ್ಕಿ. ಹೊಸದಾಗಿ ಅಂಗಡಿ ಇಟ್ಟಾಗ ಮಿಷನ್ನಿನ ಸೂಜಿ ಉಗುರು ತೂರಿ ಹೋಗಿತ್ತು, ಅದರ ಗುರುತು. ಬೆರಳ ತುದಿಗಳಲ್ಲಿ ಸೂಜಿಯ ಗೀರು, ಹೆಬ್ಬೆರಳ ಬುಡದಲ್ಲಿ ಒರಟು ಚರ್ಮ. ಹನ್ನೆರಡು ತುಂಬದ ಹುಡುಗಿಯ ಕೈ ಹೀಗಿರುವುದಿಲ್ಲ. ಇದು ನನ್ನ ಕೈ. ಬಟ್ಟೆ ಸರಿಸಿ ಸರಿಸಿ ಸವೆದ, ವಯಸ್ಸಾದ ನನ್ನ ಕೈ.

ಮಾರನೆಯ ದಿನ ಎದ್ದಾಗ ಹೊಟ್ಟೆಯ ಮೇಲೆ ಅದೇ ಕೈ ಇತ್ತು. ಮುಟ್ಟಿದೆ, ನನ್ನದಾಗಿತ್ತು. ಅದರ ಮರುದಿನವೂ ನನ್ನದೇ. ಮೇಡಂಗೆ ಹೇಳಿದಾಗ ಅವರು ಬಹಳ ಸಂತೋಷಪಟ್ಟರು. ನಾನೂ ನಕ್ಕೆ. ಬಸ್ಸು ಹತ್ತಿದ ಮೇಲೆ ಇವರ ಭುಜಕ್ಕೆ ತಲೆ ಇಟ್ಟು ಅತ್ತೆ. ವಾಸಿಯಾಗುತ್ತಿದ್ದೇನೆ ಎಂದು ಅಳುವವರನ್ನು ಯಾರು ಅರ್ಥ ಮಾಡಿಕೊಳ್ಳುತ್ತಾರೆ? ಗಿರಿಜಕ್ಕ ಸತ್ತಾಗ ನನಗೆ ಅಳುವಷ್ಟು ತಿಳಿವಳಿಕೆ ಇರಲಿಲ್ಲ. ಅದನ್ನು ಈಗ ಅತ್ತೆ. ಇವರು ಕಿಟಕಿಯ ಗಾಜು ಎಳೆದು ಮುಚ್ಚಿದರು, ಗಾಳಿ ಬರುತ್ತಿತ್ತು.

ಈಗ ನಾನು ಇಷ್ಟು ಸುಧಾರಿಸಿದ್ದೇನೆ. ಅಂಗಡಿ ಬಿಟ್ಟುಕೊಟ್ಟೆ. ಬ್ಲೌಸ್ ಹೊಲಿಯಲು ಧೈರ್ಯವಿಲ್ಲ. ಎಡಗೈ ಆಡುತ್ತದೆ, ಆದರೆ ಅದನ್ನು ಯಾರಾದರೂ ಮುಟ್ಟಿದರೆ ನೋಡದೆ ಗೊತ್ತಾಗುವುದಿಲ್ಲ. ದಣಿವಾದಾಗ, ಜ್ವರ ಬಂದಾಗ ಎಡಗಡೆ ಮತ್ತೆ ಹೊರಟುಹೋಗುತ್ತದೆ, ಗೋಡೆಗೆ ಭುಜ ಬಡಿದಾಗಲೇ ತಿಳಿಯುವುದು. ಪುಟ್ಟಿ ಈಗ ಮಾತಾಡುತ್ತಾಳೆ. ನ್ಯಾಮತಿಯಿಂದ ಬಂದಾಗ "ಅಜ್ಜಿ, ನಾನು ಈ ಕಡೆ ಇದೀನಿ" ಎಂದು ತಾನೇ ಹೇಳಿ ಕೂರುತ್ತಾಳೆ. ಒಬ್ಬಳನ್ನೇ ಬಿಡಲು ಚೈತ್ರಾಳಿಗೆ ಇನ್ನೂ ಮನಸ್ಸಿಲ್ಲ. ನಾನು ಕೇಳುವುದೂ ಇಲ್ಲ.

ಹೋದ ಬೇಸಿಗೆಯಲ್ಲಿ ಜಗಳೂರಿಗೆ ಹೋಗಿದ್ದೆವು. ಅವ್ವ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಮಂಡಿ ನೋವಿನಿಂದ ಆಸ್ಪತ್ರೆಗೆ ಬರಲಾಗಿರಲಿಲ್ಲ, ಫೋನಿನಲ್ಲಿ ಮಾತಾಡಿದ್ದಷ್ಟೆ. ಚಿತ್ರಗಳ ಸುರುಳಿ ಬಿಚ್ಚಿ ತೋರಿಸಿದೆ. ಅವ್ವ ಒಂದೊಂದನ್ನೇ ಕಣ್ಣ ಹತ್ತಿರ ಹಿಡಿದು, "ಇದು ಮೊರ. ಇದು ನಾನು ಕೊಟ್ಟ ಭರಣಿ. ಇದು ಜರಡಿ" ಎಂದು ಹೆಸರು ಹೇಳುತ್ತ ಹೋದಳು. ಮುಗಿದ ಮೇಲೆ ಗೋಡೆ ಹಿಡಿದು ಎದ್ದು, ಮಂಚದ ಕೆಳಗಿನ ಟ್ರಂಕನ್ನು ಹೊರಗೆ ಎಳೆಯುವಂತೆ ಇವರಿಗೆ ಹೇಳಿದಳು. ಅದರ ತಳದಿಂದ ಒಂದು ಗಂಟು ತೆಗೆದಳು. ಹೂವಿನ ಚಿತ್ತಾರದ ಹಳೆಯ ಲಂಗದ ಬಟ್ಟೆ. ಆ ಬಟ್ಟೆಯನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಒಳಗೆ ಹಿತ್ತಾಳೆಯ ಒಂದು ಪುಟ್ಟ ಚೊಂಬು ಇತ್ತು.

"ಇದನ್ನ ಬರಿ" ಅಂದಳು.

ನೆಲದ ಮೇಲೆ ಇಟ್ಟುಕೊಂಡು ಬರೆದೆ. ಅವ್ವ ನನ್ನ ಬಲಪಕ್ಕದಲ್ಲೇ ಕಾಲು ಚಾಚಿ ಕೂತಳು. ಇವರು ತಮ್ಮನ ಜೊತೆ ಹೊರಗೆ ಹೋದರು. ಬಾಯಿ, ಕತ್ತು, ಬಲಗಡೆಯ ಹೊಟ್ಟೆ. ಆಮೇಲೆ ಕತ್ತು ತಿರುಗಿಸಿ ಎಡಕ್ಕೆ ಹೋದೆ. ಅಲ್ಲಿ ದುಂಡು ನುಣುಪಾಗಿರಲಿಲ್ಲ. ಹೆಬ್ಬೆರಳು ಒತ್ತಿದಷ್ಟು ನೆಗ್ಗಿತ್ತು. ಆ ನೆಗ್ಗಿನಲ್ಲಿ ಬೆಳಕು ಬೇರೆ ಥರ ನಿಂತಿತ್ತು. ಅದನ್ನೂ ಬರೆದೆ.

"ಆಸ್ಪತ್ರೆಗೆ ಹೋಗೋವಾಗ ಟೆಂಪೋದಾಗೆ ಅವಳ ಕೈಲಿ ಅದೇ ಇತ್ತು" ಅವ್ವ ಹೇಳಿದಳು. "ನೀರು ಬೇಕು ಅಂತ ಹಿಡ್ಕೊಂಡಿದ್ಲು. ಇಳಿಸ್ಕೊಳ್ಳೋವಾಗ ಜಾರಿ ಬಿತ್ತು."

ಅವ್ವನ ಬಾಯಲ್ಲಿ ಸತ್ತ ಗಿರಿಜಕ್ಕನ ಮಾತು ಬಂದದ್ದು ನಾನು ಕೇಳಿದ್ದು ಅದೇ ಮೊದಲು. ಪೆನ್ಸಿಲ್ ಕೆಳಗಿಟ್ಟೆ. ಅವ್ವ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬರೆದ ನೆಗ್ಗಿನ ಮೇಲೆ ಬೆರಳಾಡಿಸಿದಳು.

"ಇಷ್ಟು ಚಂದ ಇತ್ತೇನೇ ಇದು" ಅಂದಳು. ಕಾಗದವನ್ನು ಪಕ್ಕಕ್ಕೆ ಇಟ್ಟು, "ಅಳಿಯಂದ್ರು ಹೇಳಿದ್ರು. ಆಸ್ಪತ್ರೇಲಿ ನಿಂಗೆ ಅವಳ ಕೈ ಬಂದಿದ್ದು."

"ಅದು ಕಾಯಿಲೆ ಅವ್ವ. ನನ್ ಕೈಯೇ. ನಂಗೆ ಹಂಗೆ ಅನ್ನಿಸ್ತಿತ್ತು."

"ಗೊತ್ತು. ಅದೂ ಹೇಳಿದಾರೆ." ಅವ್ವ ಚೊಂಬನ್ನು ನೋಡುತ್ತಿದ್ದಳು. "ಬೆಚ್ಚಗಿತ್ತಾ?"

ಆಸ್ಪತ್ರೆಯಿಂದ ಗಿರಿಜಕ್ಕನನ್ನು ಮನೆಗೆ ತಂದಾಗ ಅವ್ವ ಮುಟ್ಟಿದ ಕೈ ಹೇಗಿತ್ತು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

"ಹೂಂ ಅವ್ವ. ಬೆಚ್ಚಗಿತ್ತು. ನಿದ್ದೆ ಮಾಡ್ತಿದ್ದಂಗಿತ್ತು."

ಅವ್ವ ತಲೆಯಾಡಿಸಿದಳು. ಆಮೇಲೆ ಅವಳ ಮೈ ನನ್ನ ಕಡೆ ಚೂರು ವಾಲಿದ್ದು ಕಂಡಿತು, ಅವಳ ತೋಳು ಎಲ್ಲಿಗೋ ಹೋಗಿ ಕಾಣೆಯಾಯಿತು. ನನಗೆ ಏನೂ ತಿಳಿಯಲಿಲ್ಲ. ತಿರುಗಿ ನೋಡಿದೆ. ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಕಣ್ಣು ಈಚೆ ತಂದರೆ ಅದು ಇಲ್ಲವಾಗುತ್ತಿತ್ತು. ಅದಕ್ಕೆ, ಅವಳು ಬಿಡುವವರೆಗೂ ಕತ್ತು ಎಡಕ್ಕೆ ತಿರುಗಿಸಿಕೊಂಡೇ ಕೂತಿದ್ದೆ.